ನೂರು ವಾಟ್ ಅಂದರೆ ಎಷ್ಟು? ಘಟ್ಟದ ಮೇಲೆ, ಘಟ್ಟದ ಕೆಳಗೆ ಸಣ್ಣ ಸೋಲಾರ್ ಪ್ಯಾನೆಲ್ ಆರಿಸುವ ಲೆಕ್ಕ

ಅಕ್ಕನ ಮನೆ ಶಿರಸಿಯಿಂದ ಒಳಗೆ, ಅಡಿಕೆ ತೋಟದ ಅಂಚಿನಲ್ಲಿದೆ. ನನ್ನದು ಕಾರವಾರದಲ್ಲಿ, ತಾರಸಿ ಮನೆ. ಒಂದು ಬೇಸಿಗೆಯಲ್ಲಿ ಇಬ್ಬರೂ ಒಂದೇ ಅಂಗಡಿಯಿಂದ ಒಂದೇ ನಮೂನೆಯ 100 ವಾಟ್ ಪ್ಯಾನೆಲ್ ತಂದು ಹಾಕಿಸಿದೆವು. ಏಪ್ರಿಲ್, ಮೇ ಎರಡೂ ಕಡೆ ಖುಷಿಯಲ್ಲೇ ಕಳೆಯಿತು. ಆರಿದ್ರಾ ಮಳೆ ಹಿಡಿದ ಮೇಲೆ ಅಕ್ಕನ ಫೋನು ಬಂತು. "ತಮಾ, ರಾತ್ರಿ ಎಂಟಕ್ಕೇ ಬಲ್ಬು ಮಂಕಾಗ್ತು. ಅಂಗಡಿಯವ ಮೋಸ ಮಾಡಿದ್ನಾ?"

ಮೋಸ ಏನೂ ಇರಲಿಲ್ಲ. ಆ ಪ್ಯಾನೆಲ್ಲೂ ಸರಿ ಇತ್ತು, ನನ್ನದೂ ಸರಿ ಇತ್ತು. ತಪ್ಪಿದ್ದು ನಾವು ಹಾಕಿದ ಲೆಕ್ಕ. ಬೇಸಿಗೆಯ ಬಿಸಿಲು ನೋಡಿ ಕೊಂಡಿದ್ದೆವು, ಬೇಕಾಗಿದ್ದು ಮಳೆಗಾಲಕ್ಕೆ.

ನಮ್ಮ ಜಿಲ್ಲೆಯಲ್ಲಿ ಈ ಮಾತು ಜಾಸ್ತಿ ಮುಖ್ಯ. ಗೃಹಜ್ಯೋತಿ ಬಂದ ಮೇಲೆ, ಅಂದರೆ 2023ರಿಂದ, ಎಷ್ಟೋ ಮನೆಗಳಿಗೆ ಕರೆಂಟ್ ಬಿಲ್ಲೇ ಸೊನ್ನೆ. ಬಿಲ್ಲು ಉಳಿಸಲು ಇಲ್ಲಿ ಯಾರೂ ಸಣ್ಣ ಪ್ಯಾನೆಲ್ ಹಾಕಬೇಕಾಗಿಲ್ಲ. ಮರ ಬಿದ್ದು ತಂತಿ ಹರಿದು ಎರಡು ಮೂರು ದಿನ ಕರೆಂಟ್ ಇಲ್ಲದಿದ್ದಾಗ ನಾಲ್ಕು ಬಲ್ಬು, ಮೊಬೈಲು, ವೈಫೈ ನಡೆಯಬೇಕು. ಅಷ್ಟೇ ಬೇಕಾದ್ದು. ಕೈಗಾ, ಕದ್ರಾ, ಸೂಪಾ ಎಲ್ಲ ನಮ್ಮ ಜಿಲ್ಲೆಯಲ್ಲೇ ಇದ್ದೂ ಮೇಣದಬತ್ತಿ ಹುಡುಕುವ ಕರ್ಮ ನಮ್ಮದು, ಇರಲಿ. ವಿಷಯ ಏನೆಂದರೆ, ಕರೆಂಟ್ ಹೋಗುವ ಕಾಲವೂ ಬಿಸಿಲು ಇಲ್ಲದ ಕಾಲವೂ ಇಲ್ಲಿ ಒಂದೇ. ಹಾಗಾಗಿ ಪ್ಯಾನೆಲ್ ಆರಿಸುವಾಗ ಜುಲೈ ತಿಂಗಳನ್ನೇ ಎದುರಿಗೆ ಇಟ್ಟುಕೊಳ್ಳಿ.

ಚೀಟಿಯ ವಾಟ್, ಮಾಡಿನ ವಾಟ್

ಪ್ಯಾನೆಲ್ಲಿನ ಹಿಂದೆ ಅಂಟಿಸಿದ ಚೀಟಿಯಲ್ಲಿ 100 ವಾಟ್ ಎಂದಿದ್ದರೆ ಅದು ಪ್ರಯೋಗಾಲಯದ ಅಂಕಿ. ಒಂದು ಚದರ ಮೀಟರಿಗೆ 1000 ವಾಟ್ ಬೆಳಕು ಬೀಳಬೇಕು, ಸೆಲ್ಲಿನ (ಪ್ಯಾನೆಲ್ಲಿನೊಳಗೆ ಬೆಳಕನ್ನು ಕರೆಂಟ್ ಮಾಡುವ ಬಿಲ್ಲೆಯ) ಬಿಸಿ 25 ಡಿಗ್ರಿ ಇರಬೇಕು, ಆಗ ಮಾತ್ರ 100. ನಮ್ಮ ಮಾಡಿನ ಮೇಲೆ ಇವೆರಡೂ ಒಟ್ಟಿಗೆ ಸಿಗುವುದು ಬಹಳ ಅಪರೂಪ. ಏಪ್ರಿಲ್ ಮಧ್ಯಾಹ್ನ ಬೆಳಕು ಸಾಕಷ್ಟು ಇರುತ್ತದೆ, ಆದರೆ ಸೆಲ್ಲು 60 ಡಿಗ್ರಿಯ ಹತ್ತಿರ ಕಾದಿರುತ್ತದೆ. ಪ್ರತಿ ಡಿಗ್ರಿಗೆ ಸುಮಾರು ಶೇ. 0.4 ಶಕ್ತಿ ಇಳಿಯುತ್ತದೆ. 35 ಡಿಗ್ರಿ ಹೆಚ್ಚಾದರೆ ಶೇ. 14 ಅಲ್ಲೇ ಹೋಯಿತು. ಧೂಳು, ವೈರು, ಬ್ಯಾಟರಿಗೆ ತುಂಬುವಾಗಿನ ನಷ್ಟ ಎಲ್ಲ ಸೇರಿಸಿದರೆ ನೂರರಲ್ಲಿ 70 ಕೈಗೆ ಬಂದರೆ ಒಳ್ಳೆಯದೇ.

ಇನ್ನು ದಿನಕ್ಕೆ ಎಷ್ಟು? ಬೆಳಗಿನ ಎಳೆ ಬಿಸಿಲು, ಸಂಜೆಯ ಇಳಿಬಿಸಿಲು ಎಲ್ಲವನ್ನೂ ಕೂಡಿಸಿ 'ಪೂರ್ತಿ ಬಿಸಿಲಿನ ಗಂಟೆ' ಅಂತ ಲೆಕ್ಕ ಹಿಡಿಯುತ್ತಾರೆ. ನಮ್ಮ ಕಡೆ ಮಾರ್ಚ್, ಏಪ್ರಿಲ್‌ನಲ್ಲಿ ಅದು ಆರರ ಆಸುಪಾಸು. ಜುಲೈನಲ್ಲಿ ಸರಾಸರಿ ಮೂರು ಅಂತ ಹಿಡಿಯಿರಿ. ಹಗಲಲ್ಲೂ ದೀಪ ಹಚ್ಚಬೇಕಾದ ಜಡಿಮಳೆಯ ದಿನ ಒಂದು ಗಂಟೆ ಸಿಕ್ಕರೆ ಪುಣ್ಯ.

ಈಗ ಕೈಗೆ ಬರುವ 70 ವಾಟನ್ನು ಈ ಗಂಟೆಗಳಿಂದ ಗುಣಿಸಿ. 100 ವಾಟ್ ಪ್ಯಾನೆಲ್ ಏಪ್ರಿಲ್‌ನಲ್ಲಿ ದಿನಕ್ಕೆ ಸುಮಾರು 420 ವಾಟ್-ಗಂಟೆ ಕೊಡುತ್ತದೆ. ಜುಲೈನ ಸಾಧಾರಣ ದಿನ 210. ಕಪ್ಪು ಮೋಡದ ದಿನ 70.

ಅಕ್ಕನ ಮನೆಯ ಖರ್ಚು ಹೀಗಿತ್ತು. 9 ವಾಟಿನ ಮೂರು ಬಲ್ಬು, ನಾಲ್ಕು ಗಂಟೆ: 108. ಎರಡು ಮೊಬೈಲು: 30. ಮಗ ಮನೆಯಿಂದಲೇ ಕೆಲಸ ಮಾಡುತ್ತಾನೆ, ಹಾಗಾಗಿ ವೈಫೈ ಡಬ್ಬಿ 12 ಗಂಟೆ. ಅದು ಬರೀ 10 ವಾಟ್ ಅಂತ ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆದರೆ 12 ಗಂಟೆಗೆ 120 ಆಯಿತು, ಮೂರೂ ಬಲ್ಬಿಗಿಂತ ಜಾಸ್ತಿ! ಒಟ್ಟು 260ರ ಹತ್ತಿರ. ಬರುವುದು 210, ಹೋಗುವುದು 260. ಬಲ್ಬು ಮಂಕಾಗದೆ ಇನ್ನೇನಾಗುತ್ತದೆ?

ಅದರಲ್ಲೂ ಅಕ್ಕನಿಗೆ 210 ಕೂಡ ಬರುತ್ತಿರಲಿಲ್ಲ.

ಮೊದಲು ಆಕಾಶ ನೋಡಿ

ಪ್ಯಾನೆಲ್ಲಿನ ಎರಡು ಬಗೆಯಲ್ಲಿ ಮೋನೋ ಒಳ್ಳೆಯದಾ, ಪಾಲಿ ಒಳ್ಳೆಯದಾ ಅಂತ ಅಂಗಡಿಯಲ್ಲಿ ಅರ್ಧ ಗಂಟೆ ಚರ್ಚೆ ಮಾಡುತ್ತೇವೆ. ಪ್ಯಾನೆಲ್ ಕೂರಿಸುವ ಜಾಗದಲ್ಲಿ ಐದು ನಿಮಿಷ ನಿಂತು ತಲೆ ಎತ್ತಿ ನೋಡುವುದಿಲ್ಲ. ನನ್ನ ಅನುಭವದಲ್ಲಿ ಆ ಐದು ನಿಮಿಷಕ್ಕೇ ಬೆಲೆ ಜಾಸ್ತಿ.

ಮೋಡ ಕವಿದ ದಿನ ಬೆಳಕು ಸೂರ್ಯ ಇರುವ ಕಡೆಯಿಂದಷ್ಟೇ ಬರುವುದಿಲ್ಲ, ಇಡೀ ಆಕಾಶದಿಂದ ಬರುತ್ತದೆ. ಕಾರವಾರದ ತಾರಸಿ ಮೇಲೆ ನಿಂತರೆ ಸುತ್ತಲೂ ಆಕಾಶ. ಅಕ್ಕನ ಮನೆ ಕಣಿವೆಯಲ್ಲಿದೆ. ಒಂದು ಬದಿ ಸೊಪ್ಪಿನ ಬೆಟ್ಟ, ಇನ್ನೊಂದು ಬದಿ ಅಡಿಕೆ, ತೆಂಗು. ಅಂಗಳದಿಂದ ಕಾಣುವುದು ಅರ್ಧ ಆಕಾಶ. ಮಳೆಗಾಲದಲ್ಲಿ ಅವರ ಪ್ಯಾನೆಲ್ಲಿಗೆ ಬೀಳುವ ಬೆಳಕೂ ಅಷ್ಟಕ್ಕೆ ತಕ್ಕ ಹಾಗೆ ಕಡಿಮೆ. ಬೇಸಿಗೆಯಲ್ಲಿ ನೆತ್ತಿಯ ಮೇಲೆ ಸೂರ್ಯ ಇರುವಾಗ ಈ ವ್ಯತ್ಯಾಸ ಅಷ್ಟು ಗೊತ್ತಾಗಿರಲಿಲ್ಲ.

ಚಳಿಗಾಲದ ನೆರಳು ಬೇರೆಯೇ ಕಥೆ. ಡಿಸೆಂಬರ್ ಕೊನೆಗೆ ನಡುಮಧ್ಯಾಹ್ನವೂ ಸೂರ್ಯ ನಮ್ಮಲ್ಲಿ 52 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ, ಅದೂ ದಕ್ಷಿಣಕ್ಕೆ ವಾಲಿಕೊಂಡು. 15 ಮೀಟರ್ ಎತ್ತರದ ತೆಂಗಿನ ಮರದ ನೆರಳು ಆಗ ಉತ್ತರಕ್ಕೆ ಹತ್ತಿರ ಹತ್ತಿರ 12 ಮೀಟರ್ ಚಾಚುತ್ತದೆ. ಮೇ ತಿಂಗಳಲ್ಲಿ ನೋಡಿ 'ಇಲ್ಲಿ ನೆರಳೇ ಇಲ್ಲ' ಅಂದುಕೊಂಡ ಜಾಗಕ್ಕೆ ಡಿಸೆಂಬರ್‌ನಲ್ಲಿ ಮಡಲಿನ ನೆರಳು ಬಂದು ಕೂರುತ್ತದೆ.

ಒಂದು ಮಡಲಿನ ನೆರಳು ತಾನೇ ಅನ್ನಬೇಡಿ. ಸಣ್ಣ ಪ್ಯಾನೆಲ್ಲಿನಲ್ಲಿ ಸಾಮಾನ್ಯವಾಗಿ 36 ಸೆಲ್ಲು ಸರದ ಮಣಿಯಂತೆ ಒಂದರ ಹಿಂದೆ ಒಂದು ಪೋಣಿಸಿರುತ್ತವೆ. ಒಂದಕ್ಕೆ ನೆರಳಾದರೆ ಕರೆಂಟ್ ಅಲ್ಲೇ ಕಟ್ಟಿಕೊಳ್ಳುತ್ತದೆ. ಹಿಂದಿನ ಡಬ್ಬಿಯಲ್ಲಿ ಕರೆಂಟಿಗೆ ಬಳಸುದಾರಿ ಕೊಡುವ ಬೈಪಾಸ್ ಡಯೋಡ್ ಎರಡು ಇದ್ದರೆ ಅರ್ಧ ಪ್ಯಾನೆಲ್ ಬಿಟ್ಟು ಉಳಿದರ್ಧ ಓಡುತ್ತದೆ. ಆದರೆ ಅರ್ಧ ಪ್ಯಾನೆಲ್ಲಿನ 9 ವೋಲ್ಟಿನಿಂದ 12 ವೋಲ್ಟ್ ಬ್ಯಾಟರಿ ತುಂಬುವುದಿಲ್ಲ. ಒಂದೇ ಪ್ಯಾನೆಲ್ ಇದ್ದವರಿಗೆ ಬೆರಳೆಣಿಕೆಯ ಸೆಲ್ಲಿನ ನೆರಳೂ ಪೂರ್ತಿ ನಷ್ಟವೇ. ನೆರಳು ತಪ್ಪಿಸಲು ಆಗುವುದೇ ಇಲ್ಲ ಅನ್ನುವ ಜಾಗಕ್ಕೆ ಒಂದು 100ರ ಬದಲು ಎರಡು 50 ವಾಟ್ ಪ್ಯಾನೆಲ್ ತೆಗೆದುಕೊಂಡು, ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ವೈರ್ ಸೇರಿಸಿ (ಪ್ಯಾರಲಲ್), ಸ್ವಲ್ಪ ದೂರ ದೂರ ಇಡುವುದು ಮೇಲು. ಒಂದಕ್ಕೆ ನೆರಳಾದರೂ ಇನ್ನೊಂದು ದುಡಿಯುತ್ತದೆ.

ಗಾತ್ರ: 40, 100, ಇಲ್ಲಾ 335?

ಮೋನೋ-ಪಾಲಿ ವಿಷಯವನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಕಪ್ಪಗಿರುವುದು ಮೋನೋ, ನೀಲಿ ಹರಳು ಹರಳಾಗಿ ಕಾಣುವುದು ಪಾಲಿ. ಮೋನೋ ಅದೇ ವಾಟನ್ನು ಕಡಿಮೆ ಜಾಗದಲ್ಲಿ ಕೊಡುತ್ತದೆ, ಬಿಸಿಗೆ ಸ್ವಲ್ಪ ಕಡಿಮೆ ಸೊರಗುತ್ತದೆ. 100 ವಾಟ್ ಅಂದರೆ ಎರಡೂ 100 ವಾಟೇ. ಜಾಗ ಇದ್ದು, ಪಾಲಿ ಅಗ್ಗಕ್ಕೆ ಸಿಕ್ಕರೆ ಧಾರಾಳವಾಗಿ ತೆಗೆದುಕೊಳ್ಳಿ.

40 ವಾಟ್ ಪ್ಯಾನೆಲ್ಲಿಗೆ ನಮ್ಮ ಕಡೆ ಒಂದು ಇತಿಹಾಸವೇ ಇದೆ. 1995ರಲ್ಲಿ ಶುರುವಾದ ಸೆಲ್ಕೋದಂಥ ಸೋಲಾರ್ ಕಂಪನಿಯವರು ಕರಾವಳಿ, ಮಲೆನಾಡಿನ ಮನೆಗಳಿಗೆ ಸೋಲಾರ್ ದೀಪ ಮುಟ್ಟಿಸಿದ್ದು ಇಂಥ ಸಣ್ಣ ಪ್ಯಾನೆಲ್‌ಗಳಿಂದಲೇ. ಅದನ್ನು ಕಟ್ಟಿದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಆಗಿನ ಕಾಲಕ್ಕೆ ಎರಡು ಮೂರು ದೀಪ ಬೆಳಗಿದರೆ ಅದೇ ದೊಡ್ಡದು. ಇವತ್ತಿಗೂ ದನದ ಕೊಟ್ಟಿಗೆಯ ಬಲ್ಬು, ತೋಟದ ಸೋಲಾರ್ ಬೇಲಿ, ದೋಣಿ ಕಟ್ಟುವಲ್ಲಿ ಒಂದು ದೀಪ, ಇಂಥದ್ದಕ್ಕೆ 40 ವಾಟ್ ಸಾಕು. ಮನೆಗೆ ಸಾಲುವುದಿಲ್ಲ. ಜುಲೈನ ಕಪ್ಪು ದಿನ ಅದು ಕೊಡುವುದು 28 ವಾಟ್-ಗಂಟೆ. ಒಂದು ಬಲ್ಬು ಮೂರು ಗಂಟೆ ಉರಿಯಬಹುದು, ಅಷ್ಟೇ.

100 ವಾಟ್ ಪ್ಯಾನೆಲ್ಲು ಬಯಲಿನಲ್ಲಿರುವ ಸಣ್ಣ ಸಂಸಾರಕ್ಕೆ ಹೊಂದುತ್ತದೆ. ನನ್ನ ಮನೆಯಲ್ಲಿ ಅದು ನಡೆದದ್ದು ಎರಡು ಬಲ್ಬು, ಒಂದು ಮೊಬೈಲು ಮಾತ್ರ ಅದಕ್ಕೆ ಹಚ್ಚಿದ್ದರಿಂದ. ಫ್ಯಾನ್ ಬೇಕು ಅಂದರೆ ಹಳೆಯ 75 ವಾಟಿನದು ಮರೆತುಬಿಡಿ. 28-30 ವಾಟಿನ ಬಿಎಲ್‌ಡಿಸಿ ಫ್ಯಾನ್ ಕೂಡ ರಾತ್ರಿ ಎಂಟು ಗಂಟೆ ತಿರುಗಿದರೆ 240 ತಿನ್ನುತ್ತದೆ. ಮಳೆಗಾಲದಲ್ಲಿ ಘಟ್ಟದ ಮೇಲೆ ಫ್ಯಾನ್ ಬೇಡ ಬಿಡಿ, ಕರಾವಳಿಯ ಸೆಖೆಗೆ ಬೇಕೇ ಬೇಕು.

ಇನ್ನು 335 ವಾಟ್ ಅಥವಾ ಅದಕ್ಕಿಂತ ದೊಡ್ಡದು. ಆರೂವರೆ ಅಡಿ ಉದ್ದ, ಮೂರು ಕಾಲಡಿ ಅಗಲ, 22 ಕಿಲೋ ತೂಕ. ವಾಟಿಗೆ ಎಷ್ಟು ರೂಪಾಯಿ ಅಂತ ಲೆಕ್ಕ ಹಾಕಿದರೆ ಸಣ್ಣ ಪ್ಯಾನೆಲ್ಲಿಗಿಂತ ಇದೇ ಅಗ್ಗ. ಹೀಗಾಗಿ ಎಲ್ಲರಿಗೂ ಆಸೆ. ಆದರೆ ಇಲ್ಲೊಂದು ಗುಂಡಿ ಇದೆ, ಭಾವ ಅದರಲ್ಲಿ ಬೀಳುವುದರಲ್ಲಿದ್ದರು.

ಕಂಟ್ರೋಲರ್ ಎಂಬ ಗುಂಡಿ

ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜ್ ನೋಡಿಕೊಳ್ಳುವ ಡಬ್ಬಿಯೇ ಕಂಟ್ರೋಲರ್. ಸಣ್ಣ 36 ಸೆಲ್ಲಿನ ಪ್ಯಾನೆಲ್ ದುಡಿಯುವುದು 18 ವೋಲ್ಟಿನಲ್ಲಿ. ಚೀಟಿಯಲ್ಲಿ 'ವಿಎಂಪಿ' ಎಂದಿರುವ ಸಾಲು ನೋಡಿ. 335ರ ದೊಡ್ಡ ಪ್ಯಾನೆಲ್ ದುಡಿಯುವುದು 38 ವೋಲ್ಟಿನಲ್ಲಿ, ಕರೆಂಟ್ ಸುಮಾರು 8.8 ಆಂಪಿಯರ್. ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್ ಏನು ಮಾಡುತ್ತದೆ ಅಂದರೆ, ಪ್ಯಾನೆಲ್ಲನ್ನು ಬ್ಯಾಟರಿಯ ವೋಲ್ಟಿಗೆ ಎಳೆದು ಕಟ್ಟುತ್ತದೆ. ಆಂಪಿಯರ್ ಅಷ್ಟೇ ಇರುತ್ತದೆ, ವೋಲ್ಟ್ 13ಕ್ಕೆ ಇಳಿಯುತ್ತದೆ. 8.8ನ್ನು 13ರಿಂದ ಗುಣಿಸಿ: 115 ವಾಟ್. 335 ವಾಟಿಗೆ ದುಡ್ಡು ಕೊಟ್ಟು 115 ಮನೆಗೆ ತಂದ ಹಾಗೆ. ಭಾವನಿಗೆ ಪರಿಚಯದ ಒಬ್ಬರು "ಇದ್ದ ಕಂಟ್ರೋಲರಿಗೇ ಹಚ್ಚಿ, ನಡೆಯುತ್ತದೆ" ಅಂದಿದ್ದರಂತೆ. ಮೊದಲನೆಯದಾಗಿ ಹೀಗೆ ನಷ್ಟ. ಎರಡನೆಯದಾಗಿ, ಎಷ್ಟೋ ಸಣ್ಣ ಕಂಟ್ರೋಲರ್‌ಗಳು 25 ವೋಲ್ಟಿನ ಆಚೆ ತಡೆಯುವುದೇ ಇಲ್ಲ, ಸುಟ್ಟುಹೋಗುತ್ತವೆ.

ದೊಡ್ಡ ಪ್ಯಾನೆಲ್ಲಿಗೆ ಎಂಪಿಪಿಟಿ ಕಂಟ್ರೋಲರ್ ಬೇಕು. ಅದು ಹೆಚ್ಚಿನ ವೋಲ್ಟನ್ನು ಆಂಪಿಯರಿಗೆ ಬದಲಾಯಿಸಿ ಬ್ಯಾಟರಿಗೆ ಕೊಡುತ್ತದೆ. ಅಂಗಡಿಯಲ್ಲಿ ಡಬ್ಬಿಯ ಮೇಲೆ 'ಎಂಪಿಪಿಟಿ' ಎಂದು ಬರೆದು ಒಳಗೆ ಪಿಡಬ್ಲ್ಯುಎಂ ಇಟ್ಟು ಮಾರುವವರೂ ಇದ್ದಾರೆ. ಕೈಯಲ್ಲಿ ಎತ್ತಿ ನೋಡಿ. ನಿಜವಾದದ್ದರಲ್ಲಿ ತಾಮ್ರದ ಸುರುಳಿ ಇರುತ್ತದೆ, ಹಿಂದೆ ಬಿಸಿ ಹೊರಹಾಕುವ ಅಲ್ಯೂಮಿನಿಯಂ ಪಟ್ಟಿ ಇರುತ್ತದೆ. ಹಾಗಾಗಿ ಭಾರ ಜಾಸ್ತಿ. ಬೆಂಕಿಪೊಟ್ಟಣದ ಹಾಗೆ ಹಗುರ ಇದ್ದರೆ ವಾಪಸ್ ಇಡಿ.

ಹಾಗಂತ 100 ವಾಟಿಗೂ ಎಂಪಿಪಿಟಿ ಬೇಕಾ? ನನ್ನ ಅಭಿಪ್ರಾಯದಲ್ಲಿ ಬೇಡ. ಆ ದುಡ್ಡಿಗೆ ಇನ್ನೊಂದು ಸಣ್ಣ ಪ್ಯಾನೆಲ್ ಸೇರಿಸಿದರೆ ಮಳೆಗಾಲಕ್ಕೆ ಹೆಚ್ಚು ಉಪಯೋಗ.

ಅಕ್ಕನ ಮನೆಯಲ್ಲಿ ಕೊನೆಗೆ 335 ಗೆದ್ದದ್ದು ಬೇರೆ ಕಾರಣಕ್ಕೆ: ವೈರಿನ ಉದ್ದ. ಆಕಾಶ ಚೆನ್ನಾಗಿ ಕಾಣುವ ಜಾಗ ಅಂದರೆ ಮನೆಯ ಹಿಂದಿನ ಬೇಣ, ಅಲ್ಲಿಂದ ಮನೆಗೆ 40 ಮೀಟರ್. ಎರಡು 100 ವಾಟ್ ಪ್ಯಾನೆಲ್ ಅಲ್ಲಿಟ್ಟು, 4 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆದರೆ 11 ಆಂಪಿಯರ್ ಓಡುವಾಗ ದಾರಿಯಲ್ಲೇ 4 ವೋಲ್ಟ್ ಕಳೆದುಹೋಗುತ್ತದೆ. ಹದಿನೆಂಟರಲ್ಲಿ ನಾಲ್ಕು ಹೋದರೆ ಉಳಿಯುವುದು 14. ಬ್ಯಾಟರಿ ಪೂರ್ತಿ ತುಂಬಲು 14.4 ಬೇಕು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಹಾಗೆ. ಅದೇ ವೈರಿನಲ್ಲಿ 335ರ ಪ್ಯಾನೆಲ್ 3 ವೋಲ್ಟ್ ಕಳೆದುಕೊಂಡರೂ 35 ಉಳಿಯುತ್ತದೆ. ಮನೆಯೊಳಗಿನ ಎಂಪಿಪಿಟಿಗೆ ಅದು ಧಾರಾಳ.

ಮನೆಯಲ್ಲಿ ಇನ್ವರ್ಟರಿನ 12 ವೋಲ್ಟ್, 150 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಇದ್ದು, ಅದಕ್ಕೇ ಸೋಲಾರ್ ಹಚ್ಚುವವರಿಗೆ ಇನ್ನೊಂದು ಮಾತು. ಅಂಥ ಬ್ಯಾಟರಿ ಬರಿದಾದರೆ ತುಂಬಲು 1800 ವಾಟ್-ಗಂಟೆ ಬೇಕು. 100 ವಾಟ್ ಪ್ಯಾನೆಲ್ಲಿನಿಂದ ಮಳೆಗಾಲದಲ್ಲಿ ಒಂಬತ್ತು ದಿನ ಹಿಡಿಯುತ್ತದೆ, ಅದೂ ಏನೂ ಬಳಸದಿದ್ದರೆ. ಲೆಡ್ ಬ್ಯಾಟರಿ ಅರೆಹೊಟ್ಟೆಯಲ್ಲಿ ದಿನಗಟ್ಟಲೆ ಕೂತರೆ ಬೇಗ ಸಾಯುತ್ತದೆ. ಸಣ್ಣ ಪ್ಯಾನೆಲ್ಲಿಗೆ ಸಣ್ಣ ಬ್ಯಾಟರಿ, ದೊಡ್ಡ ಬ್ಯಾಟರಿಗೆ 300 ವಾಟಿಗೆ ಕಡಿಮೆ ಇಲ್ಲದ ಪ್ಯಾನೆಲ್.

ಉಪ್ಪು ಗಾಳಿ, ಪಾಚಿ, ಮಂಗ

ಘಟ್ಟದ ಕೆಳಗೆ ಶತ್ರು ಅಂದರೆ ಉಪ್ಪು. ನನ್ನ ಪ್ಯಾನೆಲ್ಲಿನ ಗಾಜಿಗೆ ಏನೂ ಆಗಲಿಲ್ಲ, ಅದನ್ನು ಹಿಡಿದ ಕಬ್ಬಿಣದ ಆಂಗಲ್ ಎರಡೇ ಮಳೆಗಾಲಕ್ಕೆ ಹಪ್ಪಳ ಆಯಿತು. ಅಲ್ಯೂಮಿನಿಯಂ ಚೌಕಟ್ಟಿಗೆ ಸಾದಾ ಕಬ್ಬಿಣದ ಬೋಲ್ಟ್ ಹಾಕಿದರೆ ಉಪ್ಪುನೀರು ಬಿದ್ದಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತದೆ, ಅಲ್ಯೂಮಿನಿಯಂ ಸವೆಯುತ್ತದೆ. ಬೋಲ್ಟು, ನಟ್ಟು, ವಾಷರ್ ಎಲ್ಲ ಸ್ಟೇನ್‌ಲೆಸ್ ಸ್ಟೀಲೇ ಇರಲಿ. ಸಮುದ್ರ ಕಾಣುವಷ್ಟು ಹತ್ತಿರ ಇದ್ದರೆ 316 ದರ್ಜೆಯದು ಕೇಳಿ. ಪ್ಯಾನೆಲ್ಲಿನ ಕಾಗದದಲ್ಲಿ ಐಇಸಿ 61701 ಎಂದಿದೆಯಾ ನೋಡಿ, ಉಪ್ಪು ಗಾಳಿಗೆ ಪರೀಕ್ಷೆ ಆಗಿದೆ ಎಂದು ಅದರ ಅರ್ಥ. ವೈರಿನ ಜೋಡಣೆಗೆ ಟೇಪು ಸುತ್ತಿ ಕೈತೊಳೆದುಕೊಳ್ಳಬೇಡಿ, ಸೋಲಾರಿಗೆಂದೇ ಬರುವ ಎಂಸಿ4 ಕನೆಕ್ಟರ್ ಹಾಕಿಸಿ. ವೈರ್ ಡಬ್ಬಿಯೊಳಗೆ ಹೋಗುವ ಮೊದಲು ಕೆಳಗೆ ಒಂದು ಬಾಗು ಇರಲಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಗಾಳಿಗೆ ದೊಡ್ಡ ಪ್ಯಾನೆಲ್ ಅಂದರೆ ದೋಣಿಯ ಹಾಯಿ ಇದ್ದ ಹಾಗೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನೆನಪಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಂಚಿನ ಮಾಡಿನ ಮೇಲೆ ಸುಮ್ನೆ ತಂತಿ ಕಟ್ಟಿ ಇಡುವುದು ಬೇಡವೇ ಬೇಡ. ಹೆಂಚು ತೆಗೆದು ಕೆಳಗಿನ ಪಕಾಸಿಗೆ ಕ್ಲಾಂಪ್ ಕೂರಿಸಬೇಕು. ಹಳೆಯ ಮಾಡಾದರೆ 22 ಕಿಲೋ ಅದಕ್ಕೆ ಹೊರೆ, ಅಂಥಲ್ಲಿ ಎರಡು 100 ವಾಟಿನವೇ ಲೇಸು.

ಘಟ್ಟದ ಮೇಲೆ ಶತ್ರು ಅಂದರೆ ಪಾಚಿ. ಪ್ಯಾನೆಲ್ಲಿನ ಕೆಳಗಿನ ಚೌಕಟ್ಟಿನಲ್ಲಿ ನೀರು ನಿಂತು, ಎಲೆಯ ಪುಡಿ ಸೇರಿ, ಆಗಸ್ಟ್ ಹೊತ್ತಿಗೆ ಎರಡು ಬೆರಳಗಲ ಹಸಿರು ಪಟ್ಟಿ ಬೆಳೆಯುತ್ತದೆ. ಅದು ಮುಚ್ಚುವುದು ಕೆಳಗಿನ ಸಾಲಿನ ಸೆಲ್ಲುಗಳನ್ನು. ಪ್ಯಾನೆಲ್ಲನ್ನು ನೆಟ್ಟಗೆ ನಿಲ್ಲಿಸಿದ್ದರೆ ನಾಲ್ಕೂ ಸಾಲಿನ ಒಂದೊಂದು ಸೆಲ್ಲಿಗೆ ನೆರಳಾಗಿ ಪೂರ್ತಿ ಪ್ಯಾನೆಲ್ ಮಲಗುತ್ತದೆ. ಅಡ್ಡ ಮಲಗಿಸಿದ್ದರೆ ಒಂದೇ ಸಾಲು ಪಾಚಿಗೆ ಸಿಗುತ್ತದೆ, ಅರ್ಧವಾದರೂ ಉಳಿಯುತ್ತದೆ. ಹಾಗೆ ಉಳಿದ ಅರ್ಧ ಎಂಪಿಪಿಟಿ ಇರುವ ದೊಡ್ಡ ಪ್ಯಾನೆಲ್ಲಿನಲ್ಲೇ ಕೆಲಸಕ್ಕೆ ಬರುವುದು, ಅದಕ್ಕೇ ಸಣ್ಣದರ ಪಾಚಿ ತಿಂಗಳಿಗೊಮ್ಮೆ ಒರೆಸಲೇಬೇಕು. ದಕ್ಷಿಣಕ್ಕೆ 15 ಡಿಗ್ರಿ ಓರೆ ಎಂದು ಪುಸ್ತಕದ ಲೆಕ್ಕ. ನಾನು 20 ಕೊಡಿಸಿದೆ, ನೀರು, ಸೋಗೆಯ ಚೂರು ಜಾರಿ ಹೋಗಲಿ ಅಂತ. ಬೆಳಕಿನ ನಷ್ಟ ಲೆಕ್ಕಕ್ಕೆ ಬಾರದಷ್ಟು ಸಣ್ಣದು.

ಮಂಗನಿಗೆ ಮಾತ್ರ ಮದ್ದಿಲ್ಲ. ಗಾಜು ಗಟ್ಟಿ, ಅದರ ಮೇಲೆ ಕೂತರೂ ಒಡೆಯುವುದಿಲ್ಲ. ವೈರ್ ಎಳೆಯುತ್ತವೆ. ಪೈಪಿನೊಳಗೆ ವೈರ್ ಹಾಕಿಸಿ.

ಕೊಳ್ಳಬಾರದ್ದು

ಆನ್‌ಲೈನಿನಲ್ಲಿ '200 ವಾಟ್' ಎಂದು ಬರೆದ, ದೀಪ-ಪ್ಯಾನೆಲ್ ಒಂದೇ ಆಗಿರುವ ಅಂಗಳದ ಲೈಟು ಬರುತ್ತದಲ್ಲ, ಅದನ್ನು ಅಡಿಪಟ್ಟಿ ಹಿಡಿದು ಅಳೆಯಿರಿ. ಇವತ್ತಿನ ಒಳ್ಳೆಯ ಪ್ಯಾನೆಲ್ಲೂ ಒಂದು ಚದರ ಅಡಿಗೆ 18ರಿಂದ 20 ವಾಟ್ ಕೊಡುತ್ತದೆ, ಅದರಾಚೆ ಹೆಚ್ಚು ಹೋಗುವುದಿಲ್ಲ. ಒಂದು ಅಡಿ ಉದ್ದ, ಅರ್ಧ ಅಡಿ ಅಗಲದ ಪ್ಯಾನೆಲ್ ಅಂದರೆ ಜಾಸ್ತಿ ಅಂದರೆ 10 ವಾಟ್, ಮೇಲೆ ಏನೇ ಬರೆದಿರಲಿ. ಇದೇ ಅಳತೆ ಅಂಗಡಿಯ ಪ್ಯಾನೆಲ್ಲಿಗೂ ಅನ್ವಯ. '100 ವಾಟ್' ಎಂದು ಹೇಳಿ ಎರಡಡಿ ಚೌಕದ ಪ್ಯಾನೆಲ್ ತೋರಿಸಿದರೆ ನಕ್ಕು ಹೊರಗೆ ಬನ್ನಿ.

ಬಗ್ಗುವ, ಅಂಟಿಸುವ ತೆಳು ಪ್ಯಾನೆಲ್ ವಾಹನದ ಮೇಲೆ ಚೆಂದ. ಮಾಡಿಗೆ ಅಂಟಿಸಿದರೆ ಕೆಳಗೆ ಗಾಳಿಯಾಡದೆ ಇನ್ನೂ ಕಾಯುತ್ತದೆ, ಅಗ್ಗದ್ದರ ಪ್ಲಾಸ್ಟಿಕ್ ಹೊದಿಕೆ ಹಳದಿಯಾಗುತ್ತದೆ. ಮಡಚುವ ಪ್ಯಾನೆಲ್ ಯಾಣಕ್ಕೆ ಚಾರಣ ಹೋಗುವ ಹುಡುಗರಿಗೆ ಸರಿ.

ಪಿಎಂ ಸೂರ್ಯಘರ್ ಸಹಾಯಧನ ಇದಕ್ಕೆ ಸಿಗುತ್ತಾ ಎಂದು ತುಂಬಾ ಜನ ಕೇಳುತ್ತಾರೆ. 2024ರ ಆ ಯೋಜನೆ ಹೆಸ್ಕಾಂ ಲೈನಿಗೆ ಜೋಡಿಸುವ ಕಿಲೋವಾಟ್ ಲೆಕ್ಕದ ಪ್ಯಾನೆಲ್ಲಿಗೆ, ಕಿಲೋವಾಟಿಗೆ 30,000 ರೂಪಾಯಿಯಂತೆ ಎರಡು ಕಿಲೋವಾಟಿನವರೆಗೆ, ಮೂರು ಅಥವಾ ಹೆಚ್ಚಿಗೆ ಒಟ್ಟು 78,000. ಬ್ಯಾಟರಿಗೆ ಹಚ್ಚುವ ನಮ್ಮ ಒಂದೆರಡು ಪ್ಯಾನೆಲ್ಲಿಗೆ ಅದು ಅನ್ವಯಿಸುವುದಿಲ್ಲ. ಇನ್ನೊಂದು, ಲೈನಿಗೆ ಜೋಡಿಸಿದ ಸಾದಾ ವ್ಯವಸ್ಥೆ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ, ತಂತಿಯಲ್ಲಿ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದಲ್ಲ. ಅಂದರೆ ಮಳೆಗಾಲದ ಕತ್ತಲೆಗೆ ಅದು ಆಗಿಬರುವುದಿಲ್ಲ.

ಸಣ್ಣ ಪ್ಯಾನೆಲ್ ಕೊಳ್ಳುವ ದಿನ ಮಲ್ಟಿಮೀಟರ್ ಒಯ್ಯಿರಿ. ಬಿಸಿಲು ಚೆನ್ನಾಗಿರುವ ಹನ್ನೊಂದರಿಂದ ಎರಡರೊಳಗೆ ಹೋಗಿ, ಪ್ಯಾನೆಲ್ಲನ್ನು ಅಂಗಡಿಯ ಹೊರಗೆ ಸೂರ್ಯನಿಗೆ ನೇರ ಹಿಡಿಸಿ. 100 ವಾಟಿನದಾದರೆ ತೆರೆದ ವೋಲ್ಟ್ (ಏನೂ ಜೋಡಿಸದೆ ಅಳೆದದ್ದು) 20ರಿಂದ 22 ತೋರಿಸಬೇಕು. ಆಮೇಲೆ ಮೀಟರನ್ನು 10 ಆಂಪಿಯರ್ ಡಿಸಿಗೆ ಇಟ್ಟು ಎರಡೂ ತುದಿ ಮುಟ್ಟಿಸಿದರೆ ಐದರ ಮೇಲೆ ಬರಬೇಕು. ಮೂರು ಬಂದರೆ ಅದು 60 ವಾಟಿನ ಪ್ಯಾನೆಲ್ಲಿಗೆ 100ರ ಚೀಟಿ. 500 ವಾಟಿನ ದೊಡ್ಡವಕ್ಕೆ ಈ ಆಂಪಿಯರ್ ಪರೀಕ್ಷೆ ಮಾಡಬೇಡಿ, ಅವುಗಳದ್ದು 13 ಆಂಪಿಯರ್ ದಾಟುತ್ತದೆ, ಮೀಟರ್ ಸುಡುತ್ತದೆ. ಹೊರಗೆ ಒಯ್ಯಲು ಅಂಗಡಿಯವರು ಒಪ್ಪದಿದ್ದರೆ ಪಕ್ಕದ ಅಂಗಡಿ ಇದ್ದೇ ಇದೆ. ಮತ್ತೆ, ಇದೆಲ್ಲ ಮೃಗಶಿರ ಮಳೆ ಹಿಡಿಯುವ ಮೊದಲೇ ಆಗಲಿ. ಜೂನ್ ಮಧ್ಯದಲ್ಲಿ ಮಾಡು ಹತ್ತಿ ಬೋಲ್ಟ್ ಬಿಗಿಯಲು ಕೆಲಸದವರು ಬರುವುದಿಲ್ಲ. ಭಾವ ಹೋದ ವರ್ಷ ಕಾದು ಕಾದು ಕೊನೆಗೆ ತಾವೇ ಕಂಬಳಿ ಕೊಪ್ಪೆ ಹಾಕಿಕೊಂಡು ಬೇಣಕ್ಕೆ ಹೋದರು.